ಖಾಲಿ ಜಾಗದ ಚೀಟಿ

ಬೀರ್ ಝರೂಕ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ನಲವತ್ತು ಕುರ್ಚಿಗಳಿವೆ. ಒಂದು ನನ್ನದು. ಉಳಿದ ಮೂವತ್ತೊಂಬತ್ತನ್ನು ಹದಿನೇಳು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಒರೆಸಿ ಇಡುತ್ತಿದ್ದೇನೆ, ಕೂರುವವರಿಲ್ಲ. ಗಣಿಯ ಕಡೆಯಿಂದ ಬರುವ ಬಿಳಿ ಧೂಳಿಗೆ ಮಾತ್ರ ನಮ್ಮ ಗ್ರಂಥಾಲಯದ ಮೇಲೆ ಎಲ್ಲಿಲ್ಲದ ಪ್ರೀತಿ. ಪರೀಕ್ಷೆಯ ಕಾಲಕ್ಕೆ ಒಬ್ಬಿಬ್ಬರು ಹುಡುಗಿಯರು ಬಾಗಿಲ ತನಕ ಬಂದು, ಒಳಗೆ ನನ್ನನ್ನು ಕಂಡು, ಏನೋ ಮರೆತವರ ಹಾಗೆ ತಿರುಗಿ ಹೋಗುತ್ತಾರೆ.

ತಿಂಗಳ ಕೊನೆಗೆ ರಾಜಧಾನಿ ತೂನಿಸ್‌ನ ಕಚೇರಿಗೆ ಓದುಗರು ಎಷ್ಟು ಜನ ಎಂದು ತಿಳಿಸಬೇಕು. ನಾನು ಸೊನ್ನೆ ಎಂದು ಬರೆಯುತ್ತಿದ್ದೆ. ಒಮ್ಮೆ ಅಲ್ಲಿಂದ ಒಬ್ಬ ಹುಡುಗ ಫೋನ್ ಮಾಡಿ, ಗೌರವಕ್ಕೆ ಲಲ್ಲಾ ಎಂದು ಕರೆದು ಹೇಳಿದ.

“ಲಲ್ಲಾ ಮನೂಬಿಯ, ಸೊನ್ನೆ ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲ್ಲ. ಒಂದಾದ್ರೂ ಹಾಕಿ.”

“ಯಾರನ್ನಪ್ಪಾ ಹಾಕ್ಲಿ? ನನ್ನನ್ನೇ ಹಾಕ್ಕೊಂಡ್ಬಿಡ್ಲಾ?”

“ಹಾಕ್ಕೊಳ್ಳಿ. ನೀವೂ ಓದ್ತೀರಲ್ವಾ?”

ಹೀಗೆ ನಾನೇ ನನ್ನ ಗ್ರಂಥಾಲಯದ ಓದುಗಾರ್ತಿಯಾದೆ. ಜನ ಯಾಕೆ ಬರುವುದಿಲ್ಲ ಎಂಬುದು ನನಗೆ ಗೊತ್ತು. ಊರಿಗೂ ಅರ್ಧ ಗೊತ್ತು. ಇನ್ನರ್ಧವನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಕಳೆದ ನವೆಂಬರಿನ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಆಸ್ಪತ್ರೆಯ ಬಿಳಿ ಕೋಟು ತೊಟ್ಟ ಹುಡುಗಿಯೊಬ್ಬಳು ಒಳಗೆ ಬಂದಳು. ಇಪ್ಪತ್ತೈದು, ಇಪ್ಪತ್ತಾರು ಇರಬಹುದು. ಈ ಊರಿನ ಮುಖವಲ್ಲ ಅನಿಸಿತು.

“ಕೂತ್ಕೊಂಡು ಓದಬಹುದಾ?”

“ಅದಕ್ಕೇ ಇರೋದು.”

“ಹೆಸರು ಬರೀಬೇಕಾ?”

“ಬೇಡ. ನಾನು ಯಾರ ಹೆಸರೂ ಕೇಳಲ್ಲ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕೇಳಲ್ಲ ಅಂದದ್ದು ನಿಜ. ಹಲವು ವರ್ಷಗಳ ಹಿಂದೆ ಜನ ದಂಗೆ ಎದ್ದು ಸರ್ಕಾರ ಬಿದ್ದ ಜನವರಿಯಲ್ಲಿ, ಬೀದಿಯಲ್ಲಿ ಟೈರುಗಳು ಉರಿಯುತ್ತಿದ್ದಾಗ, ಯಾರು ಏನು ಓದಿದರು ಎಂದು ನಾನೇ ಬರೆದಿಟ್ಟಿದ್ದ ದಪ್ಪ ದಪ್ಪ ಪುಸ್ತಕಗಳನ್ನು ಹಿತ್ತಲಿಗೆ ಒಯ್ದು ಸುಟ್ಟಿದ್ದೆ. ಇನ್ನು ಮುಂದೆ ಈ ಬಾಗಿಲಲ್ಲಿ ಯಾರ ಹೆಸರನ್ನೂ ಕೇಳಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡಿದ್ದೆ. ಕೇಳಬೇಕಾದ ಸಂದರ್ಭವೇ ಬರಲಿಲ್ಲ ಅನ್ನುವುದು ಬೇರೆ ಮಾತು.

ಒಲೆಯ ಹತ್ತಿರದ ಕುರ್ಚಿ ತೋರಿಸಿದೆ. ಮಾರನೆಯ ದಿನವೂ ಬಂದಳು. ಆಸ್ಪತ್ರೆಯ ಊಟದ ಬಿಡುವು ಒಂದೂವರೆ ಗಂಟೆ, ಅಷ್ಟನ್ನೂ ನಮ್ಮಲ್ಲೇ ಕಳೆಯುತ್ತಿದ್ದಳು. ಸಮುದ್ರಯಾನದ ಪುಸ್ತಕ, ಜೇನು ಸಾಕುವ ಪುಸ್ತಕ, ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದಳು. ಒಂದು ವಾರ ನಾನು ಆ ಕಡೆಯ ಮೂಲೆಯಲ್ಲಿ, ಅವಳು ಈ ಕಡೆಯ ಮೂಲೆಯಲ್ಲಿ ತಿಂದೆವು. ಎರಡನೆಯ ವಾರ ಅವಳೇ ಎದ್ದು ಬಂದು ನನ್ನ ಮೇಜಿನ ಮೇಲೆ ಡಬ್ಬಿ ಇಟ್ಟಳು.

“ಚಿಕ್ಕಮ್ಮಾ, ನಿಮ್ಮ ರೊಟ್ಟಿ ವಾಸನೆ ಅಲ್ಲಿಗೆ ಬರುತ್ತೆ. ಅನ್ಯಾಯ ಇದು.”

“ತಗೋ, ಹರೀಸ ಹಾಕಿದ್ದೀನಿ. ಕಣ್ಣಲ್ಲಿ ನೀರು ಬಂದ್ರೆ ನನ್ನ ಬೈಬೇಡ.”

“ಅಬ್ಬಾ! ಹಿಂಗೆ ಖಾರ ತಿಂದ್ರೆ ಒಂದಿನ ನಿಮ್ಮನ್ನ ಸ್ಟ್ರೆಚರ್ ಮೇಲೆ ನಾನೇ ಎತ್ಕೊಂಡು ಹೋಗ್ಬೇಕಾಗುತ್ತೆ.”

“ಎತ್ಕೊಂಡು ಹೋಗೋಕೆ ಒಬ್ಬರು ಇದ್ದಾರಲ್ಲ, ಅಷ್ಟು ಸಾಕು ಬಿಡು.”

ತಮಾಷೆಗೆ ಅಂದೆ, ಆದರೆ ಪೂರ್ತಿ ತಮಾಷೆ ಅಲ್ಲ. ನನಗೆ ಐವತ್ತಾರು. ಮದುವೆಯಾಗಲಿಲ್ಲ, ಅಮ್ಮ ಹೋಗಿ ಒಂಬತ್ತು ವರ್ಷ. ಮನೆಯಲ್ಲಿ ಮಾತಾಡಲು ರೇಡಿಯೋ ಇದೆ, ಅದು ನಾನು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಈ ಹುಡುಗಿ ಬರತೊಡಗಿದ ಮೇಲೆ ನಾನು ಬೆಳಗ್ಗೆ ಎದ್ದು ಇಬ್ಬರಿಗಾಗುವಷ್ಟು ಹಿಟ್ಟು ನಾದತೊಡಗಿದೆ. ಕೆಲಸದ ದಿನಗಳಿಗಿಂತ ಭಾನುವಾರವೇ ಉದ್ದ ಅನಿಸತೊಡಗಿತು.

ಮೂರು ತಿಂಗಳು ಹೀಗೇ ನಡೆಯಿತು. ಫೆಬ್ರವರಿಯ ಕೊನೆಯ ಸೋಮವಾರ ಬಂದವಳು ಡಬ್ಬಿ ತಂದಿರಲಿಲ್ಲ. ಒಂದು ಹಾಳೆಯನ್ನು ನನ್ನ ಮುಂದಿಟ್ಟಳು. ಹೊಸ ಕಾನೂನು ಬಂದ ಮೇಲೆ ಎಲ್ಲ ಕಚೇರಿಗಳಿಗೂ ಕೊಟ್ಟಿದ್ದಾರಲ್ಲ, ಮಾಹಿತಿ ಕೇಳುವ ಅರ್ಜಿ, ಅದು. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಕಚೇರಿಯವರು ಇಪ್ಪತ್ತು ದಿನದೊಳಗೆ ಬರೆದು ಉತ್ತರ ಕೊಡಬೇಕು. ನಮ್ಮ ಬಾಗಿಲಿಗೂ ಅದರ ಫಲಕ ತೂಗುಹಾಕಿದ್ದೆ. ಅರ್ಜಿಯ ಒಂದು ಕಟ್ಟನ್ನು ಬಿಚ್ಚಿಯೂ ಇರಲಿಲ್ಲ.

ಹಾಳೆಯಲ್ಲಿ ಹೀಗಿತ್ತು: “ಜಿಲ್ಲೆಯ ಬಾವಿಗಳ ನೀರಿನ ಪರೀಕ್ಷೆಯ ವರದಿ, ಗ್ರಂಥಾಲಯದ ಸಂಖ್ಯೆ 628, ಹದಿನೇಳು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಈ ಗ್ರಂಥಾಲಯದಿಂದ ಹೊರಗೆ ಹೋಯಿತು. ಅದನ್ನು ತೆಗೆದುಕೊಂಡು ಹೋದವರು ಯಾರು?”

ಕೆಳಗೆ ಹೆಸರು: ವಿದಾದ್, ಬೆಲ್ಗಾಸಿಮ್ ಅವರ ಮಗಳು.

ಆ ಹೆಸರನ್ನು ಎರಡು ಸಲ ಓದಿದೆ. ಬೆಲ್ಗಾಸಿಮ್‌ಗೆ ಮಗಳಿರುವುದು ಗೊತ್ತಿತ್ತು. ಅವನು ಜೈಲಿಗೆ ಹೋದಾಗ ಅವಳನ್ನು ದೂರದ ಸ್ಫಾಕ್ಸ್ ಪಟ್ಟಣದ ಅಜ್ಜಿಯ ಮನೆಗೆ ಕಳಿಸಿದ್ದೂ ಗೊತ್ತಿತ್ತು. ಆಗ ಅವಳಿಗೆ ಒಂಬತ್ತು ವರ್ಷ.

“ಮೊದಲನೇ ದಿನವೇ ಇದನ್ನ ಕೇಳೋಣ ಅಂತಲೇ ಬಂದಿದ್ದೆ, ಚಿಕ್ಕಮ್ಮಾ,” ಅಂದಳು. “ನೀವು ಹೆಸರು ಕೇಳ್ಲಿಲ್ಲ. ಒಲೆ ಪಕ್ಕ ಕೂರಿಸಿದ್ರಿ. ಕೇಳೋಕೆ ಬಾಯಿ ಬರ್ಲಿಲ್ಲ. ಈಗ ಹಳೇ ಕೇಸುಗಳನ್ನ ಮತ್ತೆ ನೋಡ್ತಾರಂತೆ, ಮಾರ್ಚ್ ಮೂವತ್ತೊಂದು ಕೊನೇ ದಿನ. ಅಪ್ಪ ಬೇಡ ಅಂತಾನೆ. ನಾನೇ ಹಾಕ್ತಿದ್ದೀನಿ.”

ನಾನು ಮೇಜಿನ ಖಾನೆಯಿಂದ ಮುದ್ರೆ ತೆಗೆದಿಟ್ಟೆ.

“ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರೀರಿ. ತಪ್ಪು ತಿಳ್ಕೊಳ್ಳಲ್ಲ. ಮತ್ತೆ ಬರ್ತೀನಿ, ಇದೇ ಥರ ಊಟ ಮಾಡೋಣ. ಆದರೆ ಉತ್ತರ ಬರೋ ತನಕ ನಾನಿಲ್ಲಿ ಕೂತು ರೊಟ್ಟಿ ತಿನ್ನೋದು ಸರಿ ಅಲ್ಲ, ಅಲ್ವಾ?”

ನಿಯಮದಂತೆ ಅರ್ಜಿಗೆ ಮುದ್ರೆ ಒತ್ತಿ, ತಾರೀಕು ಹಾಕಿ, ರಸೀದಿ ಹರಿದು ಕೊಟ್ಟೆ. ಅವಳು ಹೊರಟುಹೋದಳು. ಇಬ್ಬರ ರೊಟ್ಟಿ ನನ್ನ ಡಬ್ಬಿಯಲ್ಲೇ ಉಳಿಯಿತು.

ಈಗ ಹದಿನೇಳು ವರ್ಷ ಹಿಂದಿನದನ್ನು ಹೇಳಬೇಕು.

ಬೆಲ್ಗಾಸಿಮ್ ಗಣಿಯ ರೈಲು ದಾರಿಯಲ್ಲಿ ಸಿಗ್ನಲ್ಲಿನ ಕೈಮರ ಬೀಳಿಸುವ ಕೆಲಸದಲ್ಲಿದ್ದ. ದಿನಕ್ಕೆ ನಾಲ್ಕು ರೈಲು, ನಡುವೆ ಬೇಕಾದಷ್ಟು ಹೊತ್ತು. ಆ ಹೊತ್ತನ್ನೆಲ್ಲ ಗ್ರಂಥಾಲಯದಲ್ಲಿ ಕಳೆಯುತ್ತಿದ್ದ. ನಮ್ಮ ಊರಿನ ಮಕ್ಕಳ ಹಲ್ಲು ಕಂದು ಬಣ್ಣ, ಎಲ್ಲರಿಗೂ ಗೊತ್ತು. ಅದು ದೇವರು ಕೊಟ್ಟ ಬಣ್ಣ ಎಂದುಕೊಂಡಿದ್ದೆವು. ತೂನಿಸ್‌ನಿಂದ ಬರುವ ಸರ್ಕಾರಿ ಪುಸ್ತಕಗಳ ಪೆಟ್ಟಿಗೆಯಲ್ಲಿ ಒಂದು ಸಲ ಆ ನೀರಿನ ವರದಿಯೂ ಬಂತು. ಯಾರೂ ನೋಡದೆ ಪೆಟ್ಟಿಗೆಗೆ ಹಾಕಿರಬೇಕು. ನಾನೂ ನೋಡದೆ 628 ಎಂದು ಸಂಖ್ಯೆ ಅಂಟಿಸಿ ಕಪಾಟಿನಲ್ಲಿಟ್ಟೆ. ಬೆಲ್ಗಾಸಿಮ್ ನೋಡಿದ. ಹನ್ನೊಂದು ದಿನ ಇಲ್ಲೇ ಕೂತು ಓದಿದ, ನಮ್ಮ ಊರಿಗೆ ನೀರು ಬರುವ ನಾಲ್ಕನೆಯ ಬಾವಿಯ ಅಂಕಿಗಳನ್ನು ಒಂದು ನೋಟುಪುಸ್ತಕಕ್ಕೆ ಇಳಿಸಿಕೊಂಡ. ಆಮೇಲೆ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರಿಗೆ ಓದಿ ಹೇಳಿದ. ಈ ಬಾವಿಯ ನೀರು ಮಕ್ಕಳಿಗೆ ಕುಡಿಸಬೇಡಿ, ಹಲ್ಲು ಕಂದಾಗುವುದು ಇದರಿಂದಲೇ, ಸರ್ಕಾರವೇ ಅಚ್ಚು ಹಾಕಿ ಹೇಳಿದೆ, ಬೇಕಾದರೆ ಗ್ರಂಥಾಲಯಕ್ಕೆ ಹೋಗಿ ನೋಡಿ ಅಂದ.

ಹೆಂಗಸರು ಬರುವ ಮೊದಲೇ ಸೀ ನೂರಿ ಬಂದ. ಪೊಲೀಸ್ ಠಾಣೆಯವನು, ಯೂನಿಫಾರಂ ಹಾಕುತ್ತಿರಲಿಲ್ಲ, ಆದರೂ ಎಲ್ಲರೂ ಅವನಿಗೆ ಗೌರವದ ಸೀ ಸೇರಿಸಿಯೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆ ಬಂದು, ಯಾರು ಏನು ಓದಿದರು ಎಂದು ನಾನು ಬರೆದ ಪುಸ್ತಕವನ್ನು ತಿರುವಿಹಾಕುತ್ತಿದ್ದ. “ಎಂಥ ಅಕ್ಷರ ರೀ ನಿಮ್ಮದು, ಮುತ್ತು ಪೋಣಿಸಿದ ಹಾಗೆ,” ಅನ್ನುತ್ತಿದ್ದ. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಅವನಿಗೆ ಚಹಾ ಮಾಡಿಕೊಡುತ್ತಿದ್ದೆ. ಅವನು ಯಾಕೆ ಓದುತ್ತಿದ್ದಾನೆ ಎಂದು ಯೋಚಿಸಲಿಲ್ಲ ಅಂದರೆ ಸುಳ್ಳು. ಯೋಚನೆ ಬಂದಾಗಲೆಲ್ಲ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ.

ಆ ದಿನ ಅವನು ನೇರ ಕಪಾಟಿಗೆ ಹೋಗಿ 628 ಅನ್ನು ಕಿತ್ತುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡ.

“ಇದನ್ನ ತಗೊಂಡು ಹೋಗ್ತಿದ್ದೀನಿ. ನಾನು ಬಂದೇ ಇಲ್ಲ, ತಿಳೀತಾ?”

ಹೋದ. ಕಪಾಟಿನಲ್ಲಿ ಒಂದು ಕಿಂಡಿ ಉಳಿಯಿತು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕಪಾಟಿನಿಂದ ಪುಸ್ತಕ ಹೋದರೆ ಆ ಜಾಗದಲ್ಲಿ ಒಂದು ರಟ್ಟಿನ ಚೀಟಿ ನಿಲ್ಲಿಸಬೇಕು. ಅದಕ್ಕೆ ನಾವು ಭೂತ ಅನ್ನುತ್ತೇವೆ. ಅದರ ಮೇಲೆ ಪುಸ್ತಕದ ಸಂಖ್ಯೆ, ಒಯ್ದವರ ಹೆಸರು, ತಾರೀಕು. ಖಾಲಿ ಜಾಗ ಬಿಟ್ಟರೆ ಪಕ್ಕದ ಪುಸ್ತಕ ವಾಲುತ್ತದೆ, ಸಾಲು ಕೆಡುತ್ತದೆ, ಮೇಲಿನವರು ಬಂದರೆ ಬೈಯುತ್ತಾರೆ. ಹೆಸರಿಲ್ಲದ ಚೀಟಿ ಇಡುವಂತಿಲ್ಲ. ಸೀ ನೂರಿಯ ಹೆಸರು ಬರೆಯುವಂತಿಲ್ಲ, ಅವನು ಬಂದೇ ಇಲ್ಲವಲ್ಲ. ನಾನು ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಕೊನೆಗೆ, ಆ ಪುಸ್ತಕವನ್ನು ಕಡೆಗೆ ಓದಿದವರು ಯಾರು ಎಂದು ನೋಡಿ ಆ ಹೆಸರನ್ನು ಬರೆದೆ. ಒಂದೆರಡು ದಿನಕ್ಕೆ ತಾನೇ, ವರದಿ ತಿರುಗಿ ಬಂದ ಕೂಡಲೆ ಹರಿದುಹಾಕಿದರಾಯಿತು ಅಂದುಕೊಂಡೆ.

ಹೀಗೆ ಬೇರೆ ಯಾರು ಮಾಡುತ್ತಾರೆ? ಅಂಗಡಿಯವನು ಮಾಡುವುದಿಲ್ಲ, ರೈತ ಮಾಡುವುದಿಲ್ಲ. ಖಾಲಿ ಜಾಗ ಕಂಡರೆ ಮೈ ಪರಚಿಕೊಳ್ಳುವ ನನ್ನಂಥವಳೇ ಮಾಡಬೇಕು.

ನಾಲ್ಕನೆಯ ದಿನ ಠಾಣೆಯವರು ಬಂದು ಆ ಚೀಟಿಯನ್ನು ತೆಗೆದುಕೊಂಡು ಹೋದರು. ಇದ್ದದ್ದನ್ನು ಓದಿ ಹೇಳಿದ್ದಕ್ಕೆ ಜೈಲಿಗೆ ಹಾಕಲು ಬರುವುದಿಲ್ಲ, ಸರ್ಕಾರದ ಪುಸ್ತಕ ಕದ್ದದ್ದಕ್ಕೆ ಹಾಕಬಹುದು. ಕೋರ್ಟಿನಲ್ಲಿ ನನ್ನ ಮುತ್ತಿನಂಥ ಅಕ್ಷರವನ್ನು ಎತ್ತಿ ತೋರಿಸಿದರು. ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ಹೋಗಬಹುದಿತ್ತು, ಬಸ್ಸು ಇತ್ತು. ಆ ದಿನ ನಾನು ಭೂಗೋಳದ ಕಪಾಟಿನ ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕಿದೆ. ಬೆಲ್ಗಾಸಿಮ್‌ಗೆ ಮೂರು ವರ್ಷ ಆಯಿತು. ಹೊರಗೆ ಬಂದ ಮೇಲೆ ರೈಲಿನ ಕೆಲಸ ಸಿಗಲಿಲ್ಲ, ಮನೆಯಲ್ಲೇ ಸೈಕಲ್ ರಿಪೇರಿಗೆ ಕೂತ. ಪುಸ್ತಕ ಕಳ್ಳ ಬೆಲ್ಗಾಸಿಮ್ ಎಂದೇ ಊರಲ್ಲಿ ಹೆಸರಾಯಿತು. ಓದಲು ಹೋದರೆ ಹೀಗಾಗುತ್ತದೆ ಎಂದು ಊರು ಗ್ರಂಥಾಲಯಕ್ಕೆ ಬೆನ್ನು ಹಾಕಿತು. ವರದಿ ತಿರುಗಿ ಬರಲೇ ಇಲ್ಲ.

ಅರ್ಜಿ ಕೈಗೆ ಬಂದ ಮೇಲಿನ ದಿನಗಳಲ್ಲಿ ನಾನು ಎಷ್ಟು ಕೆಟ್ಟವಳು ಎಂಬುದು ನನಗೇ ತಿಳಿಯಿತು. “ಮಾಹಿತಿ ಲಭ್ಯವಿಲ್ಲ.” ಎರಡೇ ಪದ. ಎಲ್ಲ ಕಚೇರಿಗಳೂ ಬರೆಯುವುದು ಅದನ್ನೇ. ನಾನೂ ಬರೆದರೆ ಯಾರಿಗೂ ತಿಳಿಯುವುದಿಲ್ಲ, ಬರೆದಿಟ್ಟ ಪುಸ್ತಕಗಳು ಬೂದಿಯಾಗಿವೆ. ವಿದಾದ್ ಮತ್ತೆ ಬರುತ್ತಾಳೆ. ಚಿಕ್ಕಮ್ಮಾ ಅನ್ನುತ್ತಾಳೆ. ನಿಜ ಬರೆದರೆ ಅವಳಪ್ಪನ ಮೇಲಿನ ಕಳ್ಳತನ ಕಳೆಯುತ್ತದೆ, ಅವಳು ಈ ಬಾಗಿಲನ್ನು ಮತ್ತೆ ತುಳಿಯುವುದಿಲ್ಲ. ಐದನೆಯ ದಿನ ಆ ಎರಡು ಪದಗಳನ್ನು ಬರೆದೂಬಿಟ್ಟೆ. ಅಕ್ಷರ ಚೆನ್ನಾಗಿ ಬಂದಿತ್ತು. ಹರಿದುಹಾಕಿದೆ. ಎಂಟನೆಯ ದಿನ ಮತ್ತೆ ಬರೆದೆ, ಮತ್ತೆ ಹರಿದೆ.

ಹನ್ನೆರಡನೆಯ ದಿನ ಸೀ ನೂರಿಯನ್ನು ಹುಡುಕಿಕೊಂಡು ಹೊರಟೆ. ನಿವೃತ್ತನಾಗಿ ಬಸ್ ನಿಲ್ದಾಣದ ಕಾಫಿ ಅಂಗಡಿಯಲ್ಲಿ ದಿನವಿಡೀ ಇಸ್ಪೀಟು ಆಡುತ್ತಾನೆ. ನಮ್ಮ ಊರಿನಲ್ಲಿ ಹೆಂಗಸರು ಆ ಅಂಗಡಿಯ ಒಳಗೆ ಕಾಲಿಡುವುದಿಲ್ಲ. ನಾನು ಇಟ್ಟೆ. ಎಲೆ ಹಾಕುತ್ತಿದ್ದ ಕೈಗಳೆಲ್ಲ ನಿಂತವು.

“ಏನ್ರೀ ಲಲ್ಲಾ ಮನೂಬಿಯ,” ಅಂದ ಅವನು, ಹಲ್ಲು ಬಿಟ್ಟು. “ಇನ್ನೂ ಆ ಪುಸ್ತಕಗಳ ಜೊತೆನೇ ಸಂಸಾರನಾ? ಅವಕ್ಕೂ ಬೇಜಾರಾಗಿರಬೇಕು ಪಾಪ.”

“628 ಎಲ್ಲಿದೆ, ಸೀ ನೂರಿ?”

“ಯಾವ ಬಸ್ಸು ಅದು?”

ಜೊತೆಯವರು ನಕ್ಕರು. ನಾನು ನಗಲಿಲ್ಲ. “ನೀರಿನ ವರದಿ. ನೀವು ಕಂಕುಳಲ್ಲಿ ಇಟ್ಕೊಂಡು ಹೋಗಿದ್ದು. ಯಾರು ತಗೊಂಡ್ರು ಅಂತ ಅರ್ಜಿ ಬಂದಿದೆ.”

ಅವನು ಎಲೆಗಳನ್ನು ನಿಧಾನಕ್ಕೆ ಕೂಡಿಸಿ ಮೇಜಿನ ಮೇಲೆ ತಟ್ಟಿದ. ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ಚೀಟೀಲಿ ನನ್ನ ಹೆಸರಿತ್ತಾ?”

“ಇರ್ಲಿಲ್ಲ.”

“ಬರೆದೋರು ಯಾರು? ನಾನಾ? ನಾನು ನಿಮಗೆ ಅವನ ಹೆಸರು ಬರೀರಿ ಅಂದ್ನಾ? ಬಾಯ್ಬಿಟ್ಟು ಹೇಳಿ, ಇವರೆಲ್ಲ ಕೇಳ್ಲಿ.”

“ಅನ್ಲಿಲ್ಲ.”

“ಮತ್ತೆ? ಚೀಟಿ ನೋಡಿದಾಗ ನನಗೇ ಆಶ್ಚರ್ಯ ಆಯ್ತು ಕಣಮ್ಮಾ. ಇಷ್ಟು ಅನುಕೂಲ ಮಾಡಿಕೊಡ್ತೀರ ಅಂದ್ಕೊಂಡಿರ್ಲಿಲ್ಲ.” ಮತ್ತೆ ಎಲೆ ಕೈಗೆ ತೆಗೆದುಕೊಂಡ. “ಲಭ್ಯವಿಲ್ಲ ಅಂತ ಬರೆದು ಕಳಿಸಿ. ಮನೆಗೆ ಹೋಗಿ ಮಲಗಿ.”

ಅಂಗಡಿಯಿಂದ ಹೊರಗೆ ಬಂದೆ. ಅವನ ಮೇಲೆ ಕೆಂಡದಂಥ ಕೋಪ ಇತ್ತು, ಹದಿನೇಳು ವರ್ಷ ಅದನ್ನು ಚೆನ್ನಾಗಿ ಕಾಪಾಡಿಕೊಂಡಿದ್ದೆ. ಅವನು ಹೇಳಿದ್ದರಲ್ಲಿ ಸುಳ್ಳು ಹುಡುಕಲು ಹೋದೆ, ಒಂದೂ ಸಿಗಲಿಲ್ಲ. ಪುಸ್ತಕ ಒಯ್ದವನು ಅವನು. ಹೆಸರು ಬರೆದವಳು ನಾನು.

ಅದೇ ಸಂಜೆ ಉತ್ತರ ಬರೆಯಲು ಕೂತೆ. ಎರಡೂವರೆ ಪುಟ ಆಯಿತು. ಯಾವ ದಿನ, ಎಷ್ಟು ಗಂಟೆಗೆ ಸೀ ನೂರಿ ಬಂದ, ಯಾವ ಕಪಾಟಿನಿಂದ ತೆಗೆದ, ನಾನು ಏನು ಮಾಡಿದೆ. ಬೆಲ್ಗಾಸಿಮ್ ಆ ವರದಿಯನ್ನು ಒಮ್ಮೆಯೂ ಬಾಗಿಲ ಹೊರಗೆ ಒಯ್ಯಲಿಲ್ಲ, ಪ್ರತಿದಿನ ಏಳುವಾಗ ನನ್ನ ಕೈಗೇ ಕೊಟ್ಟು ಹೋಗುತ್ತಿದ್ದ. ನಾನು ಸುಟ್ಟ ಪುಸ್ತಕಗಳಲ್ಲಿ ಅದಕ್ಕೂ ಸಾಕ್ಷಿ ಇತ್ತು. ಅವನಿಗೆ ಕೆಡುಕಾಗುವುದನ್ನು ಬರೆದಿಟ್ಟೆ, ಒಳ್ಳೆಯದಾಗುವುದನ್ನು ಸುಟ್ಟೆ. ಅದನ್ನೂ ಬರೆದೆ. ಮೂರು ಪ್ರತಿ ಮಾಡಿ, ಮೂರಕ್ಕೂ ಸಹಿ ಹಾಕಿ, ಮುದ್ರೆ ಒತ್ತಿದೆ.

ಮರುದಿನ ಆಸ್ಪತ್ರೆಗೆ ಹೇಳಿ ಕಳಿಸಿದೆ. ವಿದಾದ್ ಊಟದ ಬಿಡುವಿನಲ್ಲಿ ಬಂದಳು. ಕೂರಲಿಲ್ಲ. ನಿಂತೇ ಓದಿದಳು, ಮೊದಲ ಪುಟಕ್ಕೆ ಎರಡು ಸಲ ತಿರುಗಿ ಹೋದಳು.

“ನಾನು ಯಾರು ಅಂತ ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?”

“ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ ಮೊದಲೇ ಹೇಳ್ತಿದ್ರಾ?”

ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿದೆ. “ಇಲ್ಲ.”

ಅವಳು ಹಾಳೆಗಳನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. “ಸ್ಫಾಕ್ಸ್ ಸ್ಕೂಲಲ್ಲಿ ಯಾರದಾದ್ರೂ ಪೆನ್ಸಿಲ್ ಕಾಣೆಯಾದ್ರೆ ಮೊದಲು ನನ್ನ ಚೀಲ ಸುರೀತಿದ್ರು. ಅಲ್ಲಿ ತನಕ ಹೋಗಿತ್ತು ಸುದ್ದಿ. ಅಜ್ಜಿ ಹೇಳೋಳು, ಅಳಬೇಡ, ಯಾರಾದ್ರೂ ಒಬ್ಬರಿಗೆ ನಿಜ ಗೊತ್ತಿರುತ್ತೆ ಅಂತ. ನಾನು ಆ ಒಬ್ಬರು ಹೇಗಿರಬಹುದು ಅಂತ ದಿನಾ ಯೋಚಿಸ್ತಿದ್ದೆ.” ಒಲೆಯ ಪಕ್ಕದ ಕುರ್ಚಿಯ ಕಡೆ ನೋಡಿದಳು. “ರೊಟ್ಟಿ ಮಾಡಿ ಕೊಡೋರ ಥರ ಇರ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ.”

ನನಗೆ ಅಳು ಬಂತು. ಅವಳ ಮುಂದೆ ಅಳುವ ಹಕ್ಕು ನನಗಿಲ್ಲ ಎಂದು ತಡೆದುಕೊಂಡೆ.

“ಒಂದು ಪ್ರತಿ ಕೋರ್ಟಿಗೆ, ಒಂದು ನಿಮ್ಮ ಮನೆಗೆ,” ಅಂದೆ.

“ಮೂರನೇದು?”

“ಇಲ್ಲೇ. ಓದೋ ಮೇಜಿನ ಮೇಲೆ. ಕೋರ್ಟಲ್ಲಿ ನಾಲ್ಕು ಜನ ಓದ್ತಾರೆ. ನಿಮ್ಮಪ್ಪನ್ನ ಕಳ್ಳ ಅಂದಿದ್ದು ಊರೆಲ್ಲ.”

ಅವಳು ತಲೆಯಾಡಿಸಿದಳು. ಹೋಗುವಾಗ ಲಲ್ಲಾ ಮನೂಬಿಯ ಅಂದಳು, ಚಿಕ್ಕಮ್ಮಾ ಅನ್ನಲಿಲ್ಲ. ಅವಳ ಅರ್ಜಿ ಕೋರ್ಟಿನಲ್ಲಿ ಸ್ವೀಕಾರವಾಯಿತು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಅವಳು ಮತ್ತೆ ಬಂದಿಲ್ಲ.

ಮೂರನೆಯ ಪ್ರತಿಯನ್ನು ದೊಡ್ಡ ಮೇಜಿನ ಮೇಲೆ ಗಾಜಿನ ಹಲಗೆಯಡಿ ಇಟ್ಟೆ. ಮೊದಲು ಬಂದವಳು ಬೇಕರಿಯವನ ಹೆಂಡತಿ ಮಬ್ರೂಕ, ಅವಳಿಗೆ ಸುದ್ದಿ ಎಲ್ಲರಿಗಿಂತ ಮುಂಚೆ ಮುಟ್ಟುತ್ತದೆ. ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದಳು. ನನ್ನ ಕಡೆ ತಿರುಗಿ, “ಅಯ್ಯೋ, ನೀನೇನಾ ಮನೂಬಿಯ?” ಅಂದಳು. ಹೌದು ಅಂದೆ. ಅವಳು ಹೊರಟುಹೋದಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನ. ಮಾರನೆಯ ದಿನ ಲೆಕ್ಕವಿಲ್ಲ. ಗಣಿಯ ಪಾಳಿ ಮುಗಿಸಿದವರು, ಮುದುಕರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಶಾಲೆಯ ಮೇಷ್ಟ್ರುಗಳು. ಓದಲು ಬಾರದವರಿಗೆ ಬರುವವರು ಮೆಲ್ಲಗೆ ಓದಿ ಹೇಳುತ್ತಿದ್ದರು. ಸರದಿ ಕಾಯುವವರು ಕೂತಿರುತ್ತಿದ್ದರು, ಕೂತವರು ಸುಮ್ಮನಿರಲಾರದೆ ಪಕ್ಕದ ಕಪಾಟಿನಿಂದ ಏನಾದರೊಂದು ಎಳೆದು ನೋಡುತ್ತಿದ್ದರು. ಇಷ್ಟು ಜನರಿಗಾಗಿ ನಾನು ಹದಿನೇಳು ವರ್ಷ ಹಂಬಲಿಸಿದ್ದೆ. ಬಂದರು, ನನ್ನ ಪಾಪವನ್ನು ಓದಲು ಬಂದರು. ಒಬ್ಬರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನನ್ನ ಮೇಜಿನ ಹತ್ತಿರ ಬಂದಾಗ ಎಲ್ಲರ ದನಿಯೂ ಇಳಿಯುತ್ತಿತ್ತು. ಒಬ್ಬಳೇ ಇದ್ದಾಗ ಇಷ್ಟು ಒಂಟಿ ಅನಿಸಿರಲಿಲ್ಲ.

ಎಂಟನೆಯ ದಿನ ಬೆಲ್ಗಾಸಿಮ್ ಬಂದ.

ಅವನನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟೋ ವರ್ಷವಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆರಳುಗಳಲ್ಲಿ ಸೈಕಲ್ಲಿನ ಕರಿ. ಜನ ಎದ್ದು ದಾರಿ ಬಿಟ್ಟರು, ಯಾರೋ ಗಾಜಿನ ಮೇಜಿನ ಕಡೆ ಕೈ ತೋರಿಸಿದರು.

“ಬನ್ನಿ ಸೀ ಬೆಲ್ಗಾಸಿಮ್, ಓದಿ.”

“ಅದರಲ್ಲಿರೋದು ನಂಗೊತ್ತಿಲ್ದೇ ಇರೋದೇನಲ್ಲಪ್ಪಾ,” ಅಂದ. “ನೀವು ಓದಿ.”

ನೇರ ನನ್ನ ಮೇಜಿಗೆ ಬಂದ. ನಾನು ಎದ್ದು ನಿಂತೆ. ಬೈಯುತ್ತಾನೆ, ಬೈಯಲಿ, ಎಲ್ಲರ ಮುಂದೆ ಬೈಯಲಿ ಎಂದು ಕಾದೆ.

“ಮನೆಗೆ ಒಂದು ಪುಸ್ತಕ ಬೇಕಿತ್ತು.”

“ಯಾವುದು?”

“ಯಾವುದಾದ್ರೂ ಸರಿ. ದೊಡ್ಡದು ಕೊಡಿ. ದೂರದಿಂದ ಕಾಣಬೇಕು.”

ನಮ್ಮಲ್ಲಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಹಕ್ಕಿಗಳ ಚಿತ್ರದ ಪುಸ್ತಕ, ಎರಡು ಕೈಯಲ್ಲಿ ಹಿಡಿಯಬೇಕು. ತಂದು ಮುಂದಿಟ್ಟೆ.

“ಹೆಸರು ಬರ್ಕೊಳ್ಳಿ,” ಅಂದ.

“ಈಗ ನಾನು ಯಾರ ಹೆಸರೂ...”

“ಬರ್ಕೊಳ್ಳಿ, ಲಲ್ಲಾ. ಇವರೆಲ್ಲ ನೋಡ್ಲಿ.”

ಚೀಟಿ ತೆಗೆದು ಅವನ ಹೆಸರು, ಪುಸ್ತಕದ ಸಂಖ್ಯೆ, ತಾರೀಕು ಬರೆದೆ. ಅಕ್ಷರ ಸೊಟ್ಟಪಟ್ಟಗಾಯಿತು. ಅವನು ಬಗ್ಗಿ, ಒಂದೊಂದೇ ಪದ ಓದಿ, ಸಹಿ ಹಾಕಿದ.

“ಸೀ ಬೆಲ್ಗಾಸಿಮ್, ನನ್ನನ್ನ...”

“ಎಷ್ಟು ದಿನ ಇಟ್ಕೋಬಹುದು?”

“ಹದಿನೈದು ದಿನ.”

ಅಷ್ಟೇ. ನನ್ನ ಮುಖವನ್ನೂ ನೋಡಲಿಲ್ಲ. ಪುಸ್ತಕವನ್ನು ಎದೆಗೆ ಆನಿಸಿ, ರಟ್ಟು ಹೊರಗೆ ಕಾಣುವ ಹಾಗೆ ಎರಡು ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು ಸಂತೆ ಬೀದಿಯ ನಟ್ಟನಡುವೆ ನಡೆಯತೊಡಗಿದ. ಒಳಗಿದ್ದವರು ಒಬ್ಬೊಬ್ಬರಾಗಿ ಎದ್ದು ಅವನ ಹಿಂದೆ ಹೋದರು. ನಾನು ಬಾಗಿಲಲ್ಲಿ ನಿಂತೆ. ತರಕಾರಿ ಅಂಗಡಿಯಿಂದ ಯಾರೋ ಕೂಗಿ ಕೇಳಿದರು.

“ಏನ್ ಸೀ ಬೆಲ್ಗಾಸಿಮ್, ಯಾವ ಪುಸ್ತಕ ಅದು?”

“ಗ್ರಂಥಾಲಯದ್ದು!” ಅವನ ದನಿ ಇಷ್ಟು ಗಟ್ಟಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ. “ಕೇಳಿ ತಗೊಂಡಿದ್ದು!”

ಮುಂದಿನ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ, ಆದರೂ ನಿಂತು ಅದನ್ನೇ ಹೇಳಿದ. ಅದರ ಮುಂದಿನ ಅಂಗಡಿಯಲ್ಲೂ ಹೇಳಿದ. ಕಸಾಯಿಖಾನೆಯ ತಿರುವಿನ ತನಕ ಆ ದನಿ ಕೇಳುತ್ತಿತ್ತು. ಆಮೇಲೆ ಕೇಳಿಸಲಿಲ್ಲ, ನಾನು ಒಳಗೆ ಬಂದೆ. ಗ್ರಂಥಾಲಯದಲ್ಲಿ ಯಾರೂ ಇರಲಿಲ್ಲ.